ಎದೆ ಡವಗುಟ್ಟುವುದು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ

ಪ್ರಶ್ನೆ: ಡಾಕ್ಟ್ರೇ, ನನಗೆ 34 ವರ್ಷ. ತವರು ಕುಂದಾಪುರದ ಹತ್ತಿರ, ಮದುವೆಯಾಗಿ ಡೊಂಬಿವಲಿಯಲ್ಲಿದ್ದೇನೆ. ಘಾಟ್ಕೋಪರಿನ ಆಫೀಸೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಹೋದ ವರ್ಷದ ಕೊನೆಯಿಂದ ಎಷ್ಟು ಉಂಡರೂ ಇಳಿಯುತ್ತಾ ಬಂದೆ, ಒಂಬತ್ತು ಕಿಲೋ ಹೋಯಿತು. ಸೇತುವೆ ಹತ್ತಿದರೆ ತೊಡೆ ಸೋಲುವುದು, ಕೈನಡುಕ, ಬೆವರು, ನಿದ್ದೆಯಿಲ್ಲ. ‘ಟೆನ್ಷನ್’ ಎಂದು ಎಲ್ಲರೂ ಹೇಳಿದ ಮೇಲೆ ಕೊನೆಗೆ ಥೈರಾಯ್ಡ್ ಹಾರ್ಮೋನ್ ಅತಿಯಾಗುವ ಗ್ರೇವ್ಸ್ ಕಾಯಿಲೆ ಎಂದು ಗೊತ್ತಾಯಿತು. ಕಾರ್ಬಿಮಜೋಲ್ 20 ಮಿ.ಗ್ರಾಂ ಮತ್ತು ಪ್ರೊಪ್ರನೊಲಾಲ್ ಕೊಟ್ಟಿದ್ದಾರೆ. ಎರಡು ತಿಂಗಳಾಗುತ್ತಾ ಬಂತು, ಈಗ ಎಷ್ಟೋ ಆರಾಮ. ಆದರೆ ನಾನೇ ಮಾಡಿಸಿದ ಟೆಸ್ಟಿನಲ್ಲಿ ಟಿಎಸ್‌ಎಚ್ ಇನ್ನೂ ತೀರಾ ಕಡಿಮೆ, 0.01 ಇದೆ. ಮಾತ್ರೆ ಕೆಲಸ ಮಾಡುತ್ತಿಲ್ಲವೇ? ಆರಾಮಾಗಿರುವಾಗ ಬಿಟ್ಟರೆ ಏನಾಗುತ್ತದೆ? ಅಯೋಡಿನ್ ಉಪ್ಪು, ಮೀನು ಬಿಡಬೇಕೇ? ಅತ್ತೆ ಅಶ್ವಗಂಧ ತೆಗೆದುಕೋ ಎನ್ನುತ್ತಾರೆ. ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ಶುರು ಮಾಡಿದ್ದೇನೆ. ರೇಡಿಯೋ ಅಯೋಡಿನ್ ಎಂದರೆ ಭಯ. ಎರಡನೇ ಮಗುವಿನ ಆಸೆಯಿದೆ. ಸಣ್ಣದಕ್ಕೂ ಸಿಡುಕುತ್ತೇನೆ, ಒಂದು ದಿನ ಮಗನಿಗೆ ಹೊಡೆದೂಬಿಟ್ಟೆ. ನಾನು ಮೊದಲು ಹೀಗಿರಲಿಲ್ಲ.

ಉತ್ತರ: ಬಯೋಟಿನ್‌ನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮನ್ನು ಹೆದರಿಸಿರುವ ಆ ರಿಪೋರ್ಟಿನಲ್ಲಿ ಅದರ ಕೈವಾಡ ಇರಬಹುದು. ಕೂದಲು, ಚರ್ಮ, ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ 5ರಿಂದ 10 ಮಿ.ಗ್ರಾಂ ಬಯೋಟಿನ್ ಇರುತ್ತದೆ. ಒಂದು ದಿನಕ್ಕೆ ದೇಹಕ್ಕೆ ಬೇಕಾಗುವುದು ಮಿ.ಗ್ರಾಂನ ಒಂದು ಚೂರು ಪಾಲು ಮಾತ್ರ. ಅನೇಕ ಲ್ಯಾಬ್‌ಗಳ ಯಂತ್ರಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ನಿಮ್ಮ ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಲೆಕ್ಕ ತಪ್ಪುತ್ತದೆ: ಟಿಎಸ್‌ಎಚ್ ಇಲ್ಲದಷ್ಟು ಕಡಿಮೆ, ಥೈರಾಯ್ಡ್ ಹಾರ್ಮೋನ್‌ಗಳಾದ ಟಿ3 ಮತ್ತು ಟಿ4 ಇಲ್ಲದಷ್ಟು ಹೆಚ್ಚು ಎಂದು ಬರುತ್ತದೆ. ಆರೋಗ್ಯವಂತರ ರಿಪೋರ್ಟ್ ಕೂಡ ಗ್ರೇವ್ಸ್ ಕಾಯಿಲೆಯವರ ಹಾಗೆ ಕಾಣಬಹುದು. ನಿಮ್ಮ ಕಾಯಿಲೆ ನಿಜವಾದದ್ದೇ. ಆ ಲಕ್ಷಣಗಳು, ಆ ತೂಕ ಇಳಿದದ್ದು ಎಲ್ಲವೂ ಬಯೋಟಿನ್ ಶುರು ಮಾಡುವುದಕ್ಕೆ ಮೊದಲಿನವು. ಆದರೆ ಈಗಿನ ರಿಪೋರ್ಟನ್ನು ನಂಬಿ ಡೋಸ್ ಹೆಚ್ಚಿಸುವುದು ಅಪಾಯ. ಆ ಮಾತ್ರೆ ಬಿಡಿ. ಕನಿಷ್ಠ ಮೂರು ದಿನ ಕಳೆದು ರಕ್ತ ಕೊಡಿ, ಲ್ಯಾಬಿನವರಿಗೂ ವೈದ್ಯರಿಗೂ ವಿಷಯ ತಿಳಿಸಿ. ಕೂದಲಿನ ಬಗ್ಗೆ ಚಿಂತೆ ಬೇಡ. ಹಾರ್ಮೋನ್ ಏರುಪೇರಾದ ಎರಡು ಮೂರು ತಿಂಗಳ ಮೇಲೆ ಉದುರುವುದು ಈ ಕಾಯಿಲೆಯ ರೀತಿ. ಅದು ಹದಕ್ಕೆ ಬಂದ ಕೆಲವು ತಿಂಗಳಲ್ಲಿ ಮತ್ತೆ ಹುಟ್ಟುತ್ತದೆ.

ಬಯೋಟಿನ್ ಇಲ್ಲದಿದ್ದರೂ ಎರಡನೇ ತಿಂಗಳಲ್ಲಿ ಟಿಎಸ್‌ಎಚ್ 0.01 ಇರುವುದು ಏನೂ ವಿಶೇಷವಲ್ಲ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯದ್ದಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದ್ದು, ಹಾರ್ಮೋನ್ ತಯಾರಿಸು ಎಂದು ಥೈರಾಯ್ಡ್‌ಗೆ ಅದು ಕಳಿಸುವ ಆಜ್ಞೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನ್ ತಿಂಗಳುಗಟ್ಟಲೆ ಉಕ್ಕಿ ಹರಿದರೆ ಪಿಟ್ಯುಟರಿ ತನ್ನ ಕೆಲಸ ನಿಲ್ಲಿಸಿ ಕೂರುತ್ತದೆ. ಮಳೆ ನಿಂತು ಹಳಿಯ ಮೇಲಿನ ನೀರು ಇಳಿದ ಮೇಲೂ ನಿಮ್ಮ ಸೆಂಟ್ರಲ್ ಲೈನಿನ ಲೋಕಲ್‌ಗಳು ರಾತ್ರಿಯವರೆಗೆ ತಡವಾಗಿಯೇ ಓಡುವುದಿಲ್ಲವೇ, ಹಾಗೆ ಟಿ4 ಸರಿಹೋದ ಮೇಲೂ ಟಿಎಸ್‌ಎಚ್ ವಾರಗಟ್ಟಲೆ, ಕೆಲವರಲ್ಲಿ ತಿಂಗಳುಗಟ್ಟಲೆ ಹಿಂದೆಯೇ ಇರುತ್ತದೆ. ಮೊದಲ ಆರು ತಿಂಗಳು ನೋಡಬೇಕಾದದ್ದು ಫ್ರೀ ಟಿ4 ಮತ್ತು ಟಿ3. ಅಗ್ಗದ ಪ್ಯಾಕೇಜಿನಲ್ಲಿ ಬರೀ ಟಿಎಸ್‌ಎಚ್ ಮಾಡಿಸಿ, ಇಳಿದಿಲ್ಲ ಏರಿಲ್ಲ ಎಂದು ಕೊರಗುವವರನ್ನು ನಾನು ವಾರ ವಾರವೂ ನೋಡುತ್ತೇನೆ. ಇದರ ಇನ್ನೊಂದು ಅಪಾಯ, ಟಿಎಸ್‌ಎಚ್ ಏಳಲಿ ಎಂದು ಡೋಸ್ ಏರಿಸುತ್ತಾ ಹೋಗಿ ಟಿ4 ನೆಲ ಕಚ್ಚುವುದು. ಆಗ ಮುಖ ಊದುತ್ತದೆ, ಮಲಬದ್ಧತೆ ಬರುತ್ತದೆ, ತೂಕ ಏರುತ್ತದೆ. ಶುರುವಿನಲ್ಲಿ ನಾಲ್ಕರಿಂದ ಆರು ವಾರಕ್ಕೊಮ್ಮೆ ಪರೀಕ್ಷೆ ಸಾಕು. ಉಪವಾಸವಿರಬೇಕಿಲ್ಲ, ಅಂದಿನ ಮಾತ್ರೆ ತಪ್ಪಿಸಬೇಕಿಲ್ಲ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಈಗ ನಿಮ್ಮ ‘ಆರಾಮ’ದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನೀವು ತೆಗೆದುಕೊಳ್ಳುತ್ತಿರುವ ಎರಡು ಮಾತ್ರೆಗಳ ಕೆಲಸ ಬೇರೆ ಬೇರೆ. ಪ್ರೊಪ್ರನೊಲಾಲ್ ಎದೆಬಡಿತ, ಕೈನಡುಕ, ಬೆವರು, ಗಾಬರಿಗಳನ್ನು ದಿನ ಎರಡು ದಿನದಲ್ಲೇ ತಗ್ಗಿಸುತ್ತದೆ. ಗ್ರಂಥಿಯ ಮೂಲ ತೊಂದರೆಗೆ ಅದು ಔಷಧವಲ್ಲ. ಹೊಸ ಹಾರ್ಮೋನ್ ತಯಾರಾಗದಂತೆ ತಡೆಯುವುದು ಕಾರ್ಬಿಮಜೋಲ್. ಆದರೆ ಗ್ರಂಥಿಯಲ್ಲಿ ಮೊದಲೇ ಕೂಡಿಟ್ಟ ಹಾರ್ಮೋನ್ ಇರುತ್ತದಲ್ಲ, ಅದು ಖರ್ಚಾಗುವವರೆಗೆ ಪರಿಣಾಮ ಪೂರ್ತಿ ಕಾಣದು. ಅದಕ್ಕೆ ನಾಲ್ಕರಿಂದ ಎಂಟು ವಾರ ಹಿಡಿಯುತ್ತದೆ. ಹಾಗಾಗಿ ಮೊದಲ ತಿಂಗಳ ನೆಮ್ಮದಿಯ ಬಹುಪಾಲು ಪ್ರೊಪ್ರನೊಲಾಲ್ ಕೊಟ್ಟದ್ದು. ಎದೆ ಡವಗುಟ್ಟುವುದು ನಿಂತಿತು, ಕಾಯಿಲೆ ಹೋಯಿತು ಎಂದು ಆಗ ಕಾರ್ಬಿಮಜೋಲ್ ಬಿಟ್ಟರೆ ಎರಡು ಮೂರು ವಾರದಲ್ಲಿ ಎಲ್ಲವೂ ಮರಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ನನ್ನ ಅನುಭವದಲ್ಲಿ ಈ ಕಾಯಿಲೆಯವರು ಎಡವುವುದು ಗೊತ್ತಾದ ದಿನವಲ್ಲ, ಆರಾಮಾದ ದಿನ. ಊರಿಗೆ ಹಬ್ಬಕ್ಕೆ ಹೋದಾಗ ಮಾತ್ರೆ ಮುಗಿಯಿತು, ಹೇಗೂ ಚೆನ್ನಾಗಿದ್ದೇನಲ್ಲ ಎಂದು ತರಲಿಲ್ಲ ಎನ್ನುವುದು ನಾನು ಕೇಳುವ ಮಾಮೂಲಿ ಕಥೆ. ಮಳೆಗಾಲದ ಮೊದಲು, ಗಣಪತಿ ಹಬ್ಬದ ಮೊದಲು, ರೈಲು ಹತ್ತುವ ಮೊದಲು ಒಂದು ತಿಂಗಳ ಮಾತ್ರೆ ಚೀಲದಲ್ಲಿರಲಿ.

ಗ್ರೇವ್ಸ್ ಎಂದರೆ ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪಾಗಿ ಪ್ರತಿಕಾಯಗಳನ್ನು ತಯಾರಿಸಿ, ಅವು ಗ್ರಂಥಿಯ ಬೆನ್ನು ಬಿದ್ದು ಕೆಲಸ ಮಾಡಿಸುವ ಕಾಯಿಲೆ. 1835ರಲ್ಲಿ ಐರ್ಲೆಂಡಿನ ವೈದ್ಯ ರಾಬರ್ಟ್ ಗ್ರೇವ್ಸ್ ಇದನ್ನು ವಿವರಿಸಿದ. ಆ ಪ್ರತಿಕಾಯಗಳು ಅಡಗಲು ಕಾಲ ಬೇಕು. ಅದಕ್ಕೇ ಕಾರ್ಬಿಮಜೋಲ್ ಕೋರ್ಸ್ 12ರಿಂದ 18 ತಿಂಗಳು. ಡೋಸನ್ನು ವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಕೊನೆಗೆ ಟಿಎಸ್‌ಎಚ್ ಗ್ರಾಹಕದ ವಿರುದ್ಧದ ಪ್ರತಿಕಾಯದ ಪರೀಕ್ಷೆ ಮಾಡಿಸಿ, ಅದು ಸಹಜವಾಗಿದ್ದರೆ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಕಾಯಿಲೆ ಮರಳುತ್ತದೆ, ಹೆಚ್ಚಾಗಿ ಮೊದಲ ವರ್ಷದೊಳಗೆ. ಉಳಿದ ಅರ್ಧದಲ್ಲಿ ನೀವಿರಬಹುದು. ಇರದಿದ್ದರೂ ದಾರಿಗಳಿವೆ, ಅದಕ್ಕೆ ಬರುತ್ತೇನೆ.

ಮಾತ್ರೆ ಬಿಡಬೇಡಿ ಎಂದು ಇಷ್ಟು ಹೇಳಿದ ಮೇಲೆ, ಕೂಡಲೇ ಬಿಡಬೇಕಾದ ಒಂದು ಸಂದರ್ಭವನ್ನೂ ಹೇಳಲೇಬೇಕು. ಜ್ವರ, ನುಂಗಲಾಗದಷ್ಟು ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ಕಾರ್ಬಿಮಜೋಲ್ ನಿಲ್ಲಿಸಿ ಅದೇ ದಿನ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ ಮಾಡಿಸಬೇಕು. ತೀರಾ ಕಡಿಮೆ ಜನರಲ್ಲಿ, ಸಾವಿರದಲ್ಲಿ ಎರಡರಿಂದ ಐವರಲ್ಲಿ ಎಂದುಕೊಳ್ಳಿ, ಈ ಮಾತ್ರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ಒಮ್ಮೆಲೇ ಇಳಿಸಿಬಿಡುತ್ತದೆ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅಂದರೆ ನೀವು ಈಗ ಇರುವ ಅವಧಿಯಲ್ಲಿ. ಮುಂಬೈಯ ಮಳೆಗಾಲದಲ್ಲಿ ಜ್ವರ ಬರದ ಮನೆಯಿಲ್ಲ, ವೈರಲ್ ಇರಬೇಕು ಎಂದು ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುತ್ತಾ ಮೂರು ನಾಲ್ಕು ದಿನ ಕಳೆಯುವುದು ರೂಢಿ. ಕೆಮಿಸ್ಟ್ ಅಂಗಡಿಯವರು ಕೊಟ್ಟ ಆಂಟಿಬಯೋಟಿಕ್ ನುಂಗುವುದೂ ರೂಢಿ. ಈ ಮಾತ್ರೆ ನಡೆಯುತ್ತಿರುವಾಗ ಆ ಮೂರು ದಿನ ಪ್ರಾಣಕ್ಕೆ ಬರಬಹುದು. ರಿಪೋರ್ಟ್ ಸಾಯಂಕಾಲದೊಳಗೆ ಬರುತ್ತದೆ. ಕಣಗಳು ಸರಿಯಿದ್ದರೆ ಮಾತ್ರೆ ಮುಂದುವರಿಸಬಹುದು, ಒಂದೆರಡು ಡೋಸ್ ತಪ್ಪಿದರೆ ನಷ್ಟವಿಲ್ಲ. ಈ ಸಂಗತಿಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಮನೆಯವರಿಗೂ ತಿಳಿದಿರಲಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಇವಕ್ಕೂ ಅದೇ ನಿಯಮ, ಅಲ್ಲಿ ಯಕೃತ್ತಿನ ಪರೀಕ್ಷೆ. ಬರೀ ತುರಿಕೆ, ಗಂಧೆಯಾದರೆ ಗಾಬರಿ ಬೇಡ, ಅಲರ್ಜಿ ಮಾತ್ರೆಯಿಂದಲೇ ಹೆಚ್ಚಿನ ಪಾಲು ತಗ್ಗುತ್ತದೆ.

ಹಾಗೆಯೇ, ತೀವ್ರ ಜ್ವರದ ಜೊತೆ ನಾಡಿ 140 ದಾಟಿ ಓಡುವುದು, ವಾಂತಿಭೇದಿ, ಮಾತು ತಡವರಿಸುವುದು ಒಟ್ಟಿಗೆ ಕಂಡರೆ ಕ್ಲಿನಿಕ್ಕಿಗಲ್ಲ, ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮಾತ್ರೆ ದಿಢೀರನೆ ಬಿಟ್ಟವರಲ್ಲಿ, ಸೋಂಕು ತಗುಲಿದವರಲ್ಲಿ ಇದು ಅಪರೂಪಕ್ಕೆ ಆಗುವುದುಂಟು. ಹಲ್ಲು ಕೀಳಿಸುವುದಾದರೂ ಸರಿ, ಯಾವ ಶಸ್ತ್ರಚಿಕಿತ್ಸೆಗೂ ಮುನ್ನ ಥೈರಾಯ್ಡ್ ವಿಷಯ ಹೇಳಿಬಿಡಿ. ಆಸ್ತಮಾ ಇದ್ದರೆ ಪ್ರೊಪ್ರನೊಲಾಲ್ ಹೊಂದುವುದಿಲ್ಲ, ಅದನ್ನು ವೈದ್ಯರು ನಿಮ್ಮಲ್ಲಿ ಕೇಳಿರಬೇಕು, ಕೇಳಿರದಿದ್ದರೆ ನೀವೇ ಹೇಳಿ.

ಊಟದ ಮಾತಿಗೆ ಬರೋಣ. ನೆರೆಯವರ ಉಪದೇಶ ಹೆಚ್ಚು ಸಿಗುವುದು ಇಲ್ಲೇ. ನಮ್ಮಲ್ಲಿ ‘ಥೈರಾಯ್ಡ್ ಇದೆ’ ಎಂದರೆ ಹತ್ತರಲ್ಲಿ ಒಂಬತ್ತು ಮಂದಿಯ ತಲೆಗೆ ಬರುವುದು ಹಾರ್ಮೋನ್ ಕಡಿಮೆಯಾಗುವ ಕಾಯಿಲೆ. ಆ ಕಾಯಿಲೆಯವರ ಪಥ್ಯ, ಅವರ ಮಾತ್ರೆ, ಅವರ ವಾಟ್ಸಾಪ್ ಸಂದೇಶ ಯಾವುದೂ ನಿಮಗೆ ಹೊಂದುವುದಿಲ್ಲ. ಅವರು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಥೈರಾಕ್ಸಿನ್ ಎಂಬ ಹಾರ್ಮೋನ್ ಮಾತ್ರೆ ಈಗ ನಿಮಗೆ ಬೆಂಕಿಗೆ ತುಪ್ಪ. ಅತ್ತೆಯವರ ಕಳಕಳಿ ನನಗೆ ಅರ್ಥವಾಗುತ್ತದೆ, ಆದರೆ ಅಶ್ವಗಂಧ ಬೇಡ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಅದನ್ನು ಸೇವಿಸಿದ ನಂತರ ಇದೇ ಕಾಯಿಲೆಯ ಲಕ್ಷಣಗಳು ಬಂದ ರೋಗಿಗಳ ವಿವರಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕೊತ್ತಂಬರಿ ನೀರು ಕುಡಿಯುತ್ತೇನೆಂದರೆ ಕುಡಿಯಿರಿ, ತೊಂದರೆಯಿಲ್ಲ, ಆದರೆ ಅದರಿಂದ ಟಿ4 ಇಳಿಯುವುದಿಲ್ಲ.

ಉಪ್ಪು ಬದಲಿಸಬೇಡಿ. ನಮ್ಮ ದೇಶದಲ್ಲಿ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವುದು 2006ರಿಂದ ನಿಷಿದ್ಧ. ಅಡುಗೆಯ ಮಾಮೂಲಿ ಉಪ್ಪಿನಿಂದ ಗ್ರೇವ್ಸ್ ಕೆರಳುವುದಿಲ್ಲ, ಜೊತೆಗೆ ಅದೇ ಪಾತ್ರೆಯಲ್ಲಿ ನಿಮ್ಮ ಮಗನೂ ಉಣ್ಣುತ್ತಾನೆ, ಅವನ ಮಿದುಳಿಗೆ ಅಯೋಡಿನ್ ಬೇಕು. ಕುಂದಾಪುರದವರಿಗೆ ಮೀನು ಬಿಡಿ ಎನ್ನಲು ನನಗೆ ಯಾವ ಕಾರಣವೂ ಇಲ್ಲ. ಬಂಗುಡೆ, ಭೂತಾಯಿ, ಕಾಣೆ ಎಂದಿನಂತೆ ತಿನ್ನಿ, ಇಳಿದುಹೋದ ಮಾಂಸಖಂಡ ಮರಳಲು ಆ ಪ್ರೊಟೀನ್ ಬೇಕು. ದೂರವಿಡಬೇಕಾದದ್ದು ಸಮುದ್ರದ ಪಾಚಿಯ ಪುಡಿ, ಮಾತ್ರೆಗಳು, ‘ಥೈರಾಯ್ಡ್ ಸಪೋರ್ಟ್’ ಎಂದು ಮಾರುವ ಡಬ್ಬಿಗಳು. ಅವುಗಳಲ್ಲಿ ಅಯೋಡಿನ್ ದಿನದ ಅಗತ್ಯಕ್ಕಿಂತ ಎಷ್ಟೋ ಪಟ್ಟು ಇರಬಹುದು. ಸಿ.ಟಿ. ಸ್ಕ್ಯಾನಿಗೆ ಹಾಕುವ ಬಣ್ಣದ ಇಂಜೆಕ್ಷನ್ನಿನಲ್ಲೂ ಅಯೋಡಿನ್ ತುಂಬಾ ಇರುತ್ತದೆ, ಅಂಥ ಸ್ಕ್ಯಾನ್ ಬೇಕೆಂದು ಯಾರಾದರೂ ಹೇಳಿದರೆ ನಿಮ್ಮ ಕಾಯಿಲೆಯ ಹೆಸರು ಹೇಳಿ. ಎಲೆಕೋಸು, ಹೂಕೋಸು ತಿನ್ನಬಹುದೇ ಎಂದು ಕೆಲವರು ಕೇಳುತ್ತಾರೆ. ಧಾರಾಳವಾಗಿ.

ಹೆಚ್ಚು ಗಮನ ಬೇಡುವುದು ಮೂಳೆ. ಹಾರ್ಮೋನ್ ಹೆಚ್ಚಿದ್ದಷ್ಟು ಕಾಲವೂ ಮೂಳೆಯ ಸುಣ್ಣ ಕರಗುತ್ತಿರುತ್ತದೆ. ದಿನಕ್ಕೆ 1000 ಮಿ.ಗ್ರಾಂ ಕ್ಯಾಲ್ಸಿಯಂ ಗುರಿಯಿರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಇದೆ. ರಾಗಿ ಮಣ್ಣಿಯೋ ಅಂಬಲಿಯೋ, ಎರಡು ಹೊತ್ತು ಮೊಸರು, ಎಳ್ಳು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಸೇರಿದರೆ ಲೆಕ್ಕ ಹತ್ತಿರ ಬರುತ್ತದೆ. ಫ್ಲ್ಯಾಟಿನಿಂದ ರೈಲು, ರೈಲಿನಿಂದ ಆಫೀಸು ಎಂದು ಬದುಕುವವರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ, ಒಮ್ಮೆ ಪರೀಕ್ಷಿಸಿಕೊಳ್ಳಿ. ಚಹಾ, ಕಾಫಿ ಎರಡಕ್ಕೆ ಇಳಿಸಿ, ಸಂಜೆಯ ಮೇಲೆ ಬೇಡ. ಇನ್ನೊಂದು ಮುನ್ಸೂಚನೆ: ಟಿ4 ಇಳಿಯುತ್ತಿದ್ದಂತೆ ದೇಹ ಉರಿಸುವ ಶಕ್ತಿ ಕಡಿಮೆಯಾಗುತ್ತದೆ, ತಟ್ಟೆಯ ಅಳತೆ ಮಾತ್ರ ಹಳೆಯದೇ ಇರುತ್ತದೆ. ಕಳೆದುಕೊಂಡ ಒಂಬತ್ತು ಕಿಲೋ ಮರಳುವುದು ಗುಣವಾಗುತ್ತಿರುವ ಲಕ್ಷಣ, ಅದಕ್ಕೆ ಹೆದರಿ ಮಾತ್ರೆ ಬಿಡುವ ಹುಡುಗಿಯರಿದ್ದಾರೆ, ನೀವು ಹಾಗೆ ಮಾಡಬೇಡಿ. ಅದರ ಮೇಲೆ ಇನ್ನೂ ಏರದಂತೆ ಅನ್ನದ ಪ್ರಮಾಣವನ್ನು ಮೆಲ್ಲಗೆ ಹಳೆಯ ಅಳತೆಗೆ ತನ್ನಿ.

ತೊಡೆ ಸೋಲುವುದೂ ಇದೇ ಕಾಯಿಲೆಯದ್ದು. ಸೊಂಟ ಮತ್ತು ಭುಜದ ಸುತ್ತಿನ ದೊಡ್ಡ ಸ್ನಾಯುಗಳು ಕರಗಿರುತ್ತವೆ. ಕೈ ಊರದೆ ನೆಲದಿಂದ ಏಳಲು ಆಗುತ್ತದೆಯೇ ಎಂದು ಹದಿನೈದು ದಿನಕ್ಕೊಮ್ಮೆ ನೋಡಿಕೊಳ್ಳಿ, ಆ ಬದಲಾವಣೆ ನಿಮಗೇ ತಿಳಿಯುತ್ತದೆ. ಟಿ4 ಹದಕ್ಕೆ ಬರುವವರೆಗೆ ಜಿಮ್, ಓಟ ಬೇಡ, ನಿಧಾನ ನಡಿಗೆ ಸಾಕು. ಸ್ಟೇಷನ್ನಿನಲ್ಲಿ ಎಸ್ಕಲೇಟರ್ ಇರುವ ಕಡೆಯಿಂದಲೇ ಹತ್ತಿ. ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್‌ಗಳಿವೆ, ಇಪ್ಪತ್ತು ನಿಮಿಷ ಹೆಚ್ಚಾದರೂ ಕುಳಿತು ಹೋಗುವುದು ಈಗ ಉತ್ತಮ. ಕಲ್ಯಾಣ, ಕರ್ಜತ್ ಕಡೆಯಿಂದ ತುಂಬಿ ಬರುವ ಫಾಸ್ಟ್ ಗಾಡಿಯ ಬಾಗಿಲಲ್ಲಿ ಒತ್ತಿಕೊಂಡು ನಿಂತಾಗ ಆ ಸೆಕೆಗೆ ನಿಮ್ಮ ನಾಡಿ ಇನ್ನೂ ಇಪ್ಪತ್ತು ಏರುತ್ತದೆ. ಆಫೀಸಿನಲ್ಲಿ ಕೇಳಿ ಒಂದೆರಡು ತಿಂಗಳ ಮಟ್ಟಿಗೆ ಸಮಯ ಬದಲಿಸಿಕೊಳ್ಳಿ, ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಬೆಳಗ್ಗೆ ಎದ್ದಕೂಡಲೇ, ಹಾಸಿಗೆಯಲ್ಲೇ, ಮಣಿಕಟ್ಟಿನ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆದಿಡಿ. ನೂರಕ್ಕಿಂತ ಮೇಲೇ ಇದ್ದರೆ, ಅಥವಾ ತಾಳ ತಪ್ಪಿ ಬಡಿಯುತ್ತಿದ್ದರೆ ಇ.ಸಿ.ಜಿ. ಬೇಕು.

ಮಗನ ವಿಷಯ. ಒಬ್ಬ ತಾಯಿ ಇದನ್ನು ಬರೆಯಲು ಎಷ್ಟು ಹಿಂಜರಿದಿರಬೇಕೆಂದು ಬಲ್ಲೆ. ಥೈರಾಯ್ಡ್ ಹಾರ್ಮೋನ್ ಹೆಚ್ಚಾದಾಗ ದೇಹ ಹಗಲಿರುಳೂ ಜಗಳಕ್ಕೆ ನಿಂತ ಸ್ಥಿತಿಯಲ್ಲಿರುತ್ತದೆ, ನಿದ್ದೆಯೂ ಇರುವುದಿಲ್ಲ. ಸಿಡುಕು, ಅಳು, ಕಾರಣವಿಲ್ಲದ ದಿಗಿಲು ಈ ಕಾಯಿಲೆಯ ಲಕ್ಷಣಗಳೇ, ಕೈನಡುಕ ಎಷ್ಟು ನಿಜವೋ ಇವೂ ಅಷ್ಟೇ ನಿಜ. ನೀವು ಕೆಟ್ಟ ತಾಯಿಯಾಗಲಿಲ್ಲ. ಮಗನನ್ನು ಹತ್ತಿರ ಕೂರಿಸಿಕೊಂಡು, ಅಮ್ಮನಿಗೆ ಹುಷಾರಿಲ್ಲ, ಹೊಡೆದದ್ದು ತಪ್ಪಾಯಿತು, ಅದು ನಿನ್ನ ತಪ್ಪಲ್ಲ ಎಂದು ಹೇಳಿ. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಗಂಡನನ್ನು ಕರೆದುಕೊಂಡು ಹೋಗಿ, ಸಾಧ್ಯವಾದರೆ ಅತ್ತೆಯವರನ್ನೂ. ವೈದ್ಯರು ಎರಡೂ ಅಂಗೈ ಕೆಳಗೆ ಮಾಡಿ ಕೈ ನೀಡಿಸಿ, ಬೆರಳುಗಳ ಮೇಲೆ ಒಂದು ಕಾಗದದ ಹಾಳೆ ಇಟ್ಟು ನೋಡುತ್ತಾರೆ. ಕಣ್ಣಿಗೆ ಕಾಣದ ನಡುಕ ಹಾಳೆಯ ಅಂಚಿನಲ್ಲಿ ಪಟಪಟ ಕಾಣುತ್ತದೆ. ಅದನ್ನು ಎದುರಿಗೇ ನೋಡಿದ ಮೇಲೆ ‘ಎಲ್ಲಾ ಟೆನ್ಷನ್’ ಎಂಬ ಮಾತು ಮನೆಯಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ಹಾರ್ಮೋನ್ ಸರಿಹೋಗಿ ಎರಡು ಮೂರು ತಿಂಗಳಾದರೂ ಮನಸ್ಸು ತಿಳಿಯಾಗದಿದ್ದರೆ ಮನೋವೈದ್ಯರನ್ನು ಕಾಣಿ.

ಕಣ್ಣಿನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಹೇಳುತ್ತೇನೆ. ಗ್ರೇವ್ಸ್ ಇರುವ ನಾಲ್ವರಲ್ಲಿ ಒಬ್ಬರಿಗಾದರೂ ಕಣ್ಣಿನ ತೊಂದರೆ ಕಾಣುತ್ತದೆ: ಮರಳು ಬಿದ್ದಂತೆ ಉರಿ, ನೀರು, ರೆಪ್ಪೆ ಮೇಲೆಳೆದಂತಾಗುವುದು. ಕೃತಕ ಕಣ್ಣೀರಿನ ಹನಿ, ಬಿಸಿಲಿಗೆ ಕನ್ನಡಕ, ರಾತ್ರಿ ಎತ್ತರದ ದಿಂಬು ಇವು ಸಾಕಾಗುತ್ತವೆ. ಒಂದು ಎರಡಾಗಿ ಕಂಡರೆ, ಬಣ್ಣ ಮಂಕಾದರೆ, ಕಣ್ಣಿನ ಹಿಂದೆ ನೋವಿದ್ದರೆ ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿ. ಇದನ್ನು ಉಲ್ಬಣಿಸುವುದರಲ್ಲಿ ಬೀಡಿ, ಸಿಗರೇಟಿನ ಹೊಗೆಯಷ್ಟು ಕೆಟ್ಟದ್ದು ಬೇರೊಂದಿಲ್ಲ. ಮನೆಯಲ್ಲಿ ಸೇದುವವರಿದ್ದರೆ ಇನ್ನು ಮನೆಯೊಳಗೆ ಬೇಡ.

ರೇಡಿಯೋ ಅಯೋಡಿನ್ ಬಗೆಗಿನ ಭಯ ಮುಂಬೈಯವರಿಗೆ ಇರಬಾರದು ಎಂದು ನನ್ನ ಆಸೆ. ಕಾಯಿಲೆ ಮರಳಿದರೆ ಇರುವ ದಾರಿಗಳಲ್ಲೊಂದಾದ ಈ ಚಿಕಿತ್ಸೆ 1941ರಿಂದ ಜಗತ್ತಿನಲ್ಲಿ ಬಳಕೆಯಲ್ಲಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್ ಪರೇಲಿನಲ್ಲಿ 1963ರಿಂದ ಇದೆ, ಥೈರಾಯ್ಡ್ ಅದರ ಮುಖ್ಯ ಕೆಲಸಗಳಲ್ಲೊಂದು. ಅಯೋಡಿನ್-131 ತಯಾರಾಗುವುದೂ ನಿಮ್ಮ ಮನೆಯಿಂದ ದೂರವಲ್ಲದ ಟ್ರಾಂಬೆಯಲ್ಲಿ. ಒಂದು ಗುಟುಕು ದ್ರವ ಅಥವಾ ಒಂದು ಕ್ಯಾಪ್ಸೂಲ್, ಕತ್ತರಿಯಿಲ್ಲ, ಹೊಲಿಗೆಯಿಲ್ಲ. ಅಯೋಡಿನ್ ಹೀರುವುದು ಥೈರಾಯ್ಡ್‌ನ ಸ್ವಭಾವವಾದ್ದರಿಂದ ವಿಕಿರಣ ಅಲ್ಲಿಗೇ ಹೋಗಿ ಕೆಲಸ ಮಾಡುತ್ತದೆ, ಎಂಟು ದಿನಕ್ಕೆ ಅದರ ಬಲ ಅರ್ಧಕ್ಕಿಳಿಯುತ್ತದೆ. ಕೆಲವು ದಿನ ಚಿಕ್ಕ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಬೇಕು. ಆಮೇಲೆ ಹೆಚ್ಚಿನವರಿಗೆ ಹಾರ್ಮೋನ್ ಕಡಿಮೆಯಾಗಿ ಜೀವನಪೂರ್ತಿ ದಿನಕ್ಕೊಂದು ಥೈರಾಕ್ಸಿನ್ ಬೇಕಾಗುತ್ತದೆ. ಇದನ್ನು ಮೊದಲೇ ತಿಳಿದು ಒಪ್ಪಿಕೊಳ್ಳಬೇಕು. ಕಣ್ಣಿನ ತೊಂದರೆ ಜೋರಾಗಿದ್ದವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದು ಕೂಡದು. ಇನ್ನೊಂದು ದಾರಿ ಶಸ್ತ್ರಚಿಕಿತ್ಸೆ. ಗ್ರಂಥಿ ದೊಡ್ಡದಿದ್ದರೆ, ಬೇಗ ಮಗು ಬೇಕಿದ್ದರೆ ಅದು ಒಳ್ಳೆಯ ಆಯ್ಕೆ, ಆದರೆ ಥೈರಾಯ್ಡ್ ಆಪರೇಷನ್ನನ್ನೇ ಹೆಚ್ಚಾಗಿ ಮಾಡುವ ಸರ್ಜನ್ ಇರಬೇಕು. ಧ್ವನಿಯ ನರ, ಕ್ಯಾಲ್ಸಿಯಂ ನೋಡಿಕೊಳ್ಳುವ ಪುಟ್ಟ ಗ್ರಂಥಿಗಳು ಅಲ್ಲೇ ಪಕ್ಕದಲ್ಲಿವೆ. ಇಂದೇ ನಿರ್ಧರಿಸುವ ಅಗತ್ಯ ನಿಮಗಿಲ್ಲ.

ಎರಡನೇ ಮಗು ಆಗುತ್ತದೆ. ಈಗ ಬೇಡ, ಅಷ್ಟೇ. ಹಾರ್ಮೋನ್ ಹೆಚ್ಚಿರುವಾಗ ಗರ್ಭ ನಿಂತರೆ ಗರ್ಭಪಾತ, ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚು. ಮೊದಲ ಮೂರು ತಿಂಗಳಲ್ಲಿ ಕಾರ್ಬಿಮಜೋಲ್‌ನಿಂದ ಮಗುವಿನ ಅಂಗರಚನೆಗೆ ತೊಂದರೆಯಾಗುವ ಸಾಧ್ಯತೆಯಿದೆ. ಆದ್ದರಿಂದ ಗರ್ಭನಿರೋಧಕ ಬಳಸಿ, ಮಗುವಿನ ಯೋಜನೆಯನ್ನು ಈಗಲೇ ವೈದ್ಯರಿಗೆ ಹೇಳಿಬಿಡಿ. ಕೋರ್ಸ್ ಮುಗಿಸಿ ಕಾಯಿಲೆ ಅಡಗಿದ ಮೇಲೆ ಪ್ರಯತ್ನಿಸುವುದು ಒಂದು ದಾರಿ. ಅಷ್ಟು ಕಾಯಲಾಗದಿದ್ದರೆ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಮಾತ್ರೆಗೆ ಬದಲಿಸುವುದು, ಇಲ್ಲವೇ ಆಪರೇಷನ್. ರೇಡಿಯೋ ಅಯೋಡಿನ್ ತೆಗೆದುಕೊಂಡರೆ ಕನಿಷ್ಠ ಆರು ತಿಂಗಳು ಕಾಯಬೇಕು. ಇಷ್ಟಾಗಿಯೂ ಮುಟ್ಟು ತಪ್ಪಿದರೆ ಅಂದೇ ಪರೀಕ್ಷಿಸಿ, ಅಂದೇ ವೈದ್ಯರಿಗೆ ಫೋನ್ ಮಾಡಿ. ಯಾವ ಮಾತ್ರೆ, ಎಷ್ಟು ಎಂದು ಅವರು ಹೇಳುತ್ತಾರೆ. ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಮಗುವನ್ನು ತಲುಪಬಲ್ಲವಾದ್ದರಿಂದ ಬಸುರಿನಲ್ಲಿ ಪ್ರತಿಕಾಯದ ಪರೀಕ್ಷೆ ಮತ್ತೆ ಬೇಕು. ಮುಂದೆ ಗ್ರಂಥಿ ತೆಗೆಸಿಕೊಂಡಿದ್ದರೂ ಇದನ್ನು ತಪ್ಪಿಸಬೇಡಿ. ಬಾಣಂತನಕ್ಕೆ ಊರಿಗೆ ಹೋಗುವುದಾದರೆ ಅಲ್ಲಿನ ವೈದ್ಯರಿಗೆ ಈ ಎಲ್ಲ ಕಾಗದಗಳ ಒಂದು ಪ್ರತಿ ಕೊಡಿ. ಹೆರಿಗೆಯಾದ ವರ್ಷದಲ್ಲಿ ಕಾಯಿಲೆ ಮರಳುವುದುಂಟು, ಆಗ ಸಣ್ಣ ಡೋಸಿನ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಲೇ ಮಗುವಿಗೆ ಹಾಲೂಡಿಸಬಹುದು.